ಹಿಟ್ಟಿನ ಕೋಳಿಯೂ ಹಿತ್ತಿಲ ಕೋಳಿಯೂ

ನಮ್ಮ ಹಿತ್ತಿಲಿನಲ್ಲಿ ಕೋಳಿಗಳಿಲ್ಲದ ಕಾಲವನ್ನು ನಾನು ಕಂಡವನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ರಾಗಿ, ಹುರುಳಿ, ನಾಲ್ಕಾರು ತೆಂಗಿನ ಮರಗಳನ್ನು ನೆಚ್ಚಿ ಬದುಕಿದ ಬೇಸಾಯದ ಮನೆ ನಮ್ಮದು. ನಾನು ಓದಿ ಹೈಸ್ಕೂಲಿನ ಕನ್ನಡ ಮೇಷ್ಟರಾದ ಮೇಲೂ ಆ ಮನೆಯ ಕ್ರಮವೇನೂ ಬದಲಾಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಹಿತ್ತಿಲ ಬಾಗಿಲಿನಲ್ಲಿ ನಿಂತು, ಮೊರದಲ್ಲಿ ಉಳಿದ ನುಚ್ಚನ್ನು ಚೆಲ್ಲಿ ಕೋಳಿಗಳನ್ನು ಕರೆದು, ಒಂದೊಂದಾಗಿ ಗೂಡಿಗೆ ಹೊಗಿಸುತ್ತ, ಮರಿಗಳಿರುವ ಹೇಂಟೆಯನ್ನು ಮಂಕರಿಯ ಕೆಳಗೆ ಕವುಚುತ್ತ, ಎಣಿಸುತ್ತಿದ್ದಳು. ಎಣಿಕೆ ಸರಿಬಂದರೆ ಮಾತಿಲ್ಲದೆ ಒಳಗೆ ಹೋಗುವಳು. ಒಂದು ಕಡಮೆಯಾದರೆ ಲಾಟೀನು ಹಿಡಿದು ಬೇಲಿಯ ಸಾಲನ್ನೆಲ್ಲ ಹುಡುಕಿಯೇ ಊಟಕ್ಕೆ ಕೂರುವಳು. ಆ ಅವ್ವನೇ, ನೆಂಟರು ಬಂದ ದಿನ, ಮಾರಮ್ಮನ ಹಬ್ಬದ ದಿನ, ಹಿಂದಿನ ಸಂಜೆ ಅಷ್ಟು ಅಕ್ಕರೆಯಿಂದ ಎಣಿಸಿದ ಕೋಳಿಗಳಲ್ಲಿ ಒಂದನ್ನು ಆರಿಸಿ ಕೊಡುತ್ತಿದ್ದಳು. ಅದರಲ್ಲಿ ಕ್ರೌರ್ಯವಾಗಲಿ ಸಡಗರವಾಗಲಿ ಇರಲಿಲ್ಲ. ಸಾಕುವುದೂ ಕೊಯ್ಯುವುದೂ ಒಂದೇ ಬಾಳಿನ ಎರಡು ಕೆಲಸಗಳೆಂಬಂತೆ ಆಕೆ ಎರಡನ್ನೂ ಸಮಾನವಾದ ಗಾಂಭೀರ್ಯದಿಂದ ನಡೆಸುತ್ತಿದ್ದಳು.

ಇಂಥ ಮನೆಯಲ್ಲಿ ಹುಟ್ಟಿ, ಆ ಒಲೆಯ ಅಡಿಗೆಯನ್ನುಂಡು ಬೆಳೆದ ನಾನು, 1996ರ ಕಾರ್ತಿಕಮಾಸದಲ್ಲಿ ಒಂದು ಹೇಂಟೆಯ ಸಾವನ್ನು ನಿಶ್ಚಯಿಸಲಾರದೆ ನಾಲ್ಕು ದಿನಗಳನ್ನು ಕಳೆದೆನು. ಆ ನಾಲ್ಕು ದಿನಗಳ ಭಾರವು ಇಂದಿಗೂ ನನ್ನ ಮನಸ್ಸಿನಿಂದ ಇಳಿದಿಲ್ಲ. ಬರೆದರೆ ಇಳಿದೀತೆಂಬ ಆಸೆಯಿಂದಲ್ಲ, ಮನೆಯಲ್ಲಿ ಮೂಕಪ್ರಾಣಿಯೊಂದು ನರಳುತ್ತಿರುವಾಗ ನನ್ನಂತೆಯೇ ಹೊಯ್ದಾಡುವವರು ಬೇರೆ ಬೇರೆ ಊರುಗಳಲ್ಲಿ ಇದ್ದಾರು, ಅವರಿಗೆ ಈ ಅನುಭವವು ಒದಗಲಿ ಎಂಬ ಕಾರಣದಿಂದ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಹೆಸರು ಚುಕ್ಕಿ. ಕೋಳಿಯನ್ನು ‘ಆಕೆ’ ಎಂದು ಬರೆಯುವುದು ವ್ಯಾಕರಣಕ್ಕೆ ಒಪ್ಪದ ಮಾತೆಂಬುದನ್ನು ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟ ನಾನು ಬಲ್ಲೆನು. ಆದರೂ ‘ಅದು’ ಎಂದು ಬರೆಯಲು ಲೇಖನಿ ಏಳದು. 1993ರ ಮಳೆಗಾಲದಲ್ಲಿ ಪಶುವೈದ್ಯ ಇಲಾಖೆಯವರ ಮೂಲಕ ನಮ್ಮ ಮನೆಗೆ ಹತ್ತು ಗಿರಿರಾಜ ಮರಿಗಳು ಬಂದುವು. ಗಿರಿರಾಜವು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಹಿತ್ತಿಲಿನಲ್ಲಿ ಕೆದಕಿ ತಿಂದು ಬದುಕಬಲ್ಲುದು, ನಾಟಿಕೋಳಿಗಿಂತ ಬೇಗ ಮೈ ತುಂಬಿಕೊಳ್ಳುವುದು, ಮೊಟ್ಟೆಯನ್ನೂ ಸುಮಾರು ಅದರ ಎರಡರಷ್ಟು ಇಡುವುದು ಎಂದು ರೈತರು ಅದನ್ನು ಬಹಳವಾಗಿ ಮೆಚ್ಚಿದ್ದರು. ಬಂದ ಹತ್ತರಲ್ಲಿ ಎರಡನ್ನು ಹದ್ದು ಒಯ್ದಿತು, ಒಂದನ್ನು ಮುಂಗುಸಿ ಹಿಡಿಯಿತು, ಹುಂಜಗಳಾಗಿ ಬೆಳೆದವು ಹಬ್ಬಗಳಿಗೆ ಸಂದುವು. ಉಳಿದ ಹೇಂಟೆಗಳಲ್ಲಿ, ಕಂದುಮೈಯ ಮೇಲೆ ಯಾರೊ ರಂಗೋಲಿಹಿಟ್ಟನ್ನು ಉದುರಿಸಿದಂತೆ ಬಿಳಿಯ ಚುಕ್ಕೆಗಳಿದ್ದ ಒಂದನ್ನು, ಆಗ ಆರನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ತನ್ನದೆಂದು ಸಾರಿ, ಹೆಸರಿಟ್ಟು, ಅಜ್ಜಿಯಿಂದ ಅಭಯವಚನವನ್ನೂ ಪಡೆದುಕೊಂಡಳು. “ಹೆಸರಿಟ್ಟ ಮೇಲೆ ಕುಯ್ಯಾಕಾಯ್ತದಾ? ಇರ್ಲಿ ಬಿಡು” ಎಂದು ಅವ್ವ ಹೇಳಿದ ಮಾತಿನಲ್ಲಿ ಒಂದು ಧರ್ಮಶಾಸ್ತ್ರವೇ ಅಡಗಿದ್ದಿತು.

ಚುಕ್ಕಿಯು ಮಗಳ ಕೋಳಿಯಾದರೂ ಆಕೆಯ ಸಂಜೆಗಳು ನನ್ನ ಪಾಲಿಗೆ ಬಂದಿದ್ದುವು. ನಾನು ಜಗಲಿಯಲ್ಲಿ ಕುಳಿತು ಮಕ್ಕಳ ನೋಟುಬುಕ್ಕುಗಳನ್ನು ತಿದ್ದುವಾಗ ಆಕೆ ಮೆಟ್ಟಿಲು ಹತ್ತಿ ಬಂದು, ಒಂದು ಕಣ್ಣಿನಿಂದ ನನ್ನನ್ನೂ ಮತ್ತೊಂದು ಕಣ್ಣಿನಿಂದ ಅಂಗಳವನ್ನೂ ನೋಡುತ್ತ, ಕೆಂಪು ಶಾಯಿಯ ಲೇಖನಿಯ ಮುಚ್ಚಳವನ್ನು ಒಮ್ಮೆ ಕುಕ್ಕಿ ಪರೀಕ್ಷಿಸಿ, ತಿನ್ನುವ ಪದಾರ್ಥವಲ್ಲವೆಂದು ಪ್ರತಿದಿನವೂ ಹೊಸದಾಗಿ ನಿರ್ಧರಿಸಿಕೊಂಡು, ನನ್ನ ಮಂಡಿಗೆ ಮೈಯೊರಗಿಸಿ ಕೂರುತ್ತಿದ್ದಳು. ಮೊಟ್ಟೆಯಿಡಲು ಅವ್ವ ಹುಲ್ಲು ಹಾಸಿ ಕೊಟ್ಟ ಗೂಡನ್ನು ಬಿಟ್ಟು, ಹಳೆಯ ಉತ್ತರಪತ್ರಿಕೆಗಳನ್ನು ಒಟ್ಟಿದ್ದ ನನ್ನ ಬಿದಿರುಬುಟ್ಟಿಯನ್ನೇ ಆರಿಸಿಕೊಂಡಿದ್ದಳು. ಅಲ್ಲಿ ಮೊಟ್ಟೆಯಿಟ್ಟು ಹೊರಬಂದು ಆಕೆ ಮನೆಯೆಲ್ಲ ಮೊಳಗುವಂತೆ ಕೂಗುವಾಗ, ನಡುಮನೆಯ ಗಡಿಯಾರವನ್ನು ನೋಡದೆಯೇ ಹೊತ್ತೆಷ್ಟೆಂದು ಹೇಳಬಹುದಾಗಿದ್ದಿತು.

ಆ ವರ್ಷ ನವರಾತ್ರಿಯ ದಿನಗಳಲ್ಲಿ ಆ ಕೂಗು ನಿಂತಿತು. ಪುಕ್ಕ ಉದುರುವ ಕಾಲದಲ್ಲಿ ಹೇಂಟೆಗಳು ಮೊಟ್ಟೆ ನಿಲ್ಲಿಸುವುದು ಸಹಜವಾದುದರಿಂದ ನಾವು ಮೊದಲು ಲಕ್ಷ್ಯ ಕೊಡಲಿಲ್ಲ. ಕೋಳಿಯು ಬೇಟೆಗೆ ಈಡಾಗುವ ಜಾತಿಯ ಜೀವಿ. ತನ್ನ ನಿಶ್ಶಕ್ತಿಯನ್ನು ಹೊರಗೆ ತೋರಿಸಿದರೆ ಹದ್ದಿಗಿಂತ ಮುಂಚೆ ತನ್ನ ಹಿಂಡೇ ತನ್ನನ್ನು ಕುಕ್ಕೀತೆಂಬ ಅರಿವು ಅದರ ರಕ್ತದಲ್ಲಿಯೇ ಇರುವುದರಿಂದ, ರೋಗವನ್ನು ಕಡೆಯವರೆಗೂ ಮುಚ್ಚಿಡುತ್ತದೆ. ನಮಗೆ ಕಾಣುವ ವೇಳೆಗೆ ರೋಗವು ಬಹುದೂರ ನಡೆದುಹೋಗಿರುತ್ತದೆ. ಬಾಲ ಇಳಿಬಿಟ್ಟು, ಕಾಲುಗಳನ್ನು ಅಗಲಿಸಿ, ಮೈಯನ್ನು ನೆಟ್ಟಗೆ ಎತ್ತಿಕೊಂಡು ಆಕೆ ಬಸುರಿಯಂತೆ ನಿಧಾನವಾಗಿ ನಡೆಯುವುದನ್ನು ಮೊದಲು ಗಮನಿಸಿದವಳು ಮಗಳು. ಎತ್ತಿಕೊಂಡರೆ ಎದೆಯ ಮೂಳೆ ಕತ್ತಿಯಂತೆ ಕೈಗೆ ಸಿಕ್ಕಿತು. ಅದರ ಹಿಂದೆ ಹೊಟ್ಟೆಯು ನೀರು ತುಂಬಿದ ತೊಗಲಚೀಲದಂತೆ ಜೋತಿದ್ದಿತು. ದಾಸವಾಳದಂತಿದ್ದ ಜುಟ್ಟು ನೇರಳೆಯ ಛಾಯೆಗೆ ತಿರುಗಿದ್ದಿತು. ಮೊಟ್ಟೆ ಸಿಕ್ಕಿಕೊಂಡಿರಬೇಕೆಂದು ಅವ್ವ ಹರಳೆಣ್ಣೆ ಸವರಿ, ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿ ತನಗೆ ತಿಳಿದ ಉಪಚಾರವನ್ನೆಲ್ಲ ಮಾಡಿದಳು. ಮೊಟ್ಟೆ ಬರಲಿಲ್ಲ, ಬರಲು ಅಲ್ಲಿ ಮೊಟ್ಟೆಯೇ ಇರಲಿಲ್ಲವೆಂಬುದು ಮರುದಿನ ಪಶುವೈದ್ಯರಿಂದ ತಿಳಿಯಿತು.

ಆ ವೈದ್ಯರು ವಯಸ್ಸಿನಲ್ಲಿ ಚಿಕ್ಕವರು, ಮೃದುವಾದ ಕೈಯವರು. ದಿನವೆಲ್ಲ ಹಸು ಎಮ್ಮೆಗಳ ನಡುವೆ ನಿಂತು ದಣಿದಿದ್ದ ಅವರು ಒಂದು ಕೋಳಿಗಾಗಿ ಸೈಕಲ್ಲಿನಲ್ಲಿ ಎಂಟು ಮೈಲಿ ಬಂದ ನನ್ನನ್ನು ನೋಡಿ ನಗಲಿಲ್ಲ. ಹೊಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ತಿಳಿಯುವಂತೆ ವಿವರಿಸಿದರು. ಹೇಂಟೆಗೆ ಎಡಗಡೆಯ ಅಂಡಾಶಯವೊಂದೇ ಕೆಲಸ ಮಾಡುವುದು. ಅಲ್ಲಿ ಹಣ್ಣಾದ ಹಳದಿಯ ಉಂಡೆಯು ಕಳಚಿಕೊಂಡಾಗ, ಆಲಿಕೆಯ ಬಾಯಿಯಂತಿರುವ ಅಂಡನಾಳವು ಅದನ್ನು ಹಿಡಿದುಕೊಂಡು ಒಳಗೆ ಸಾಗಿಸಬೇಕು. ದಾರಿಯಲ್ಲಿ ಬಿಳಿಯ ಲೋಳೆ ಸುತ್ತಿಕೊಂಡು, ಸುಮಾರು 20 ಗಂಟೆಗಳ ಕಾಲ ಸುಣ್ಣದ ಕವಚ ಕಟ್ಟಿಕೊಂಡು, ಒಟ್ಟು ಒಂದು ಹಗಲು ಒಂದು ರಾತ್ರಿಗೆ ತುಸು ಮಿಕ್ಕ ಕಾಲದಲ್ಲಿ ಮೊಟ್ಟೆಯಾಗಿ ಹೊರಬರಬೇಕು. ಚುಕ್ಕಿಯಲ್ಲಿ ಆ ಬಾಯಿ ಹಿಡಿಯುವುದನ್ನು ಮರೆತಿದ್ದಿತು. ಹಳದಿಯ ಉಂಡೆಗಳು ನಾಳಕ್ಕೆ ಸೇರದೆ ಹೊಟ್ಟೆಯ ಪೊಳ್ಳಿಗೇ ಬಿದ್ದು, ಕೀಟಾಣುಗಳಿಗೆ ಆಹಾರವಾಗಿ, ಒಳಪೊರೆಯೆಲ್ಲ ಉರಿದು, ನೀರು ತುಂಬಿದ್ದಿತು. “ಹೆಚ್ಚು ಮೊಟ್ಟೆಯಿಡುವ ತಳಿಗಳಲ್ಲಿ ಇದು ಹೆಚ್ಚು, ಮೇಷ್ಟ್ರೇ. ಎರಡು ಮೂರು ವರ್ಷವಾದ ಮೇಲೆ ಕಾಣಿಸಿಕೊಳ್ಳುತ್ತೆ” ಎಂದರು.

ಆ ಮಾತು ನನ್ನನ್ನು ಬಹುಕಾಲ ಕಾಡಿತು. ಕೋಳಿಗಳ ಮೂಲವಂಶವಾದ ಕಾಡುಕೋಳಿಯು ವರ್ಷಕ್ಕೆ ಹತ್ತೊ ಹನ್ನೆರಡೊ ಮೊಟ್ಟೆಯಿಟ್ಟು, 21 ದಿನ ಕಾವು ಕೂತು, ಮರಿಮಾಡಿ ಸುಮ್ಮನಾಗುತ್ತದೆ. ಅದರ ವಂಶದಲ್ಲಿ ಮನುಷ್ಯನು ತನ್ನ ಬಯಕೆಗೆ ತಕ್ಕವನ್ನೇ ಆರಿಸುತ್ತ ಆರಿಸುತ್ತ ಬಂದು, ಇಂದಿನ ಬಿಳಿಯ ಲೆಗಾರನ್ ಹೇಂಟೆಯು ವರ್ಷಕ್ಕೆ 300ರ ಹತ್ತಿರ ಹತ್ತಿರ ಇಡುವಂತೆ ಮಾಡಿದ್ದಾನೆ. ಚುಕ್ಕಿ ಅಷ್ಟನ್ನೇನೂ ಇಟ್ಟವಳಲ್ಲ. ಆದರೂ ಬುಟ್ಟಿಯಲ್ಲಿ ಮೊಟ್ಟೆ ಕಂಡ ಒಂದೊಂದು ದಿನವೂ ನಮಗೆ ಲಾಭವೆಂದು ತೋರಿದ್ದು ಆಕೆಯ ಒಡಲಿನ ಲೆಕ್ಕದಲ್ಲಿ ಖರ್ಚಾಗಿದ್ದಿತೆಂಬುದು ಆ ದಿನ ನನಗೆ ಹೊಳೆಯಿತು. ಆಕೆಯ ಶುಶ್ರೂಷೆಯು ದಯೆಯಲ್ಲ, ಋಣ ಎಂಬ ಭಾವನೆ ನನ್ನಲ್ಲಿ ಮೂಡಿದ್ದು ಆ ಆಸ್ಪತ್ರೆಯ ಹೊರಜಗಲಿಯಲ್ಲಿಯೇ.

ವೈದ್ಯರು ಸೂಜಿಯಿಂದ ಹೊಟ್ಟೆಯ ನೀರನ್ನು ತೆಗೆದರು. ಗಂಜಿಯಂಥ ಹಳದಿ ದ್ರವವು ಕಾಲು ಲೀಟರಿಗೆ ತುಸು ಕಡಮೆ ಬಂದಿತು. ಒಮ್ಮೆಗೇ ಪೂರ್ತಿ ತೆಗೆದರೆ ದೇಹವು ಆಘಾತವನ್ನು ತಾಳದೆಂದು ಉಳಿದುದನ್ನು ಬಿಟ್ಟರು. ಹಿಡಿದುಕೊಳ್ಳುವ ಕ್ರಮವನ್ನು ನನಗೆ ಕಲಿಸಿದರು. ಹಕ್ಕಿಗೆ ನಮಗಿರುವಂತೆ ಎದೆ ಹೊಟ್ಟೆಗಳ ನಡುವೆ ಉಸಿರಾಟದ ತೆರೆಯಿಲ್ಲ. ಎದೆಗೂಡೇ ಮುಂದೆ ಹಿಂದೆ ಆಡಿ, ಮೈಯೊಳಗೆ ಹರಡಿರುವ ಗಾಳಿಚೀಲಗಳನ್ನು ತಿದಿಯಂತೆ ಒತ್ತಿ ಉಸಿರಾಡಿಸಬೇಕು. ಆದುದರಿಂದ ಪ್ರೀತಿಯಿಂದಲೇ ಆದರೂ ಬಿಗಿಯಾಗಿ ಅಪ್ಪಿದರೆ ಅದು ಉಸಿರುಗಟ್ಟುವುದು. ಅಂಗಾತ ಮಲಗಿಸಿದರೆ ಹೊಟ್ಟೆಯ ನೀರೇ ಗಾಳಿಚೀಲಗಳ ಮೇಲೆ ಕುಳಿತುಬಿಡುವುದು. ಎರಡು ಅಂಗೈಗಳ ಮೇಲೆ ನೆಟ್ಟಗೆ ಕೂರಿಸಿಕೊಂಡು, ಎದೆಯನ್ನು ಬಿಟ್ಟು, ರೆಕ್ಕೆಯನ್ನು ಮಾತ್ರ ಹಗುರಾಗಿ ಹಿಡಿಯಬೇಕು. ಪ್ರೀತಿಯ ಕೈಯೂ ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಕಲಿಯಬೇಕಾಗುತ್ತದೆಂದು ನಾನು ಐವತ್ತರ ವಯಸ್ಸಿನಲ್ಲಿ ತಿಳಿದೆನು.

ಅಲ್ಲಿಂದ ಐದು ವಾರ ನಡುಮನೆಯ ಮೂಲೆಯು ಚುಕ್ಕಿಯ ಆರೈಕೆಯ ಕೋಣೆಯಾಯಿತು. ಬೇರೆ ಕೋಳಿಗಳು ಕುಕ್ಕದಂತೆ ಮಂಕರಿಯ ಮರೆ. ಕೆಳಗೆ ದಿನವೂ ಬದಲಿಸುವ ಹುಲ್ಲು. ರಾತ್ರಿಯ ಚಳಿಗೆ ಒಂದು ಕಡೆ ತೂಗುಬಿಟ್ಟ ವಿದ್ಯುದ್ದೀಪ, ಬಿಸಿ ಸಾಕೆನಿಸಿದರೆ ಸರಿದುಕೊಳ್ಳಲು ಇನ್ನೊಂದು ಕಡೆ ನೆರಳು. ಬೆಳಿಗ್ಗೆ ನನ್ನ ಮನೆಯಾಕೆ ಹಿಂಬದಿಯ ಮೆತ್ತಿದ ಪುಕ್ಕಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸುವಳು. ಮಗಳು ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ, ಔಷಧದ ಪುಡಿಯನ್ನು ಕಲಸಿ, ಬೆರಳ ತುದಿಯಿಂದ ಒಂದೊಂದೇ ಅಗುಳನ್ನು ಕೊಕ್ಕಿನ ಬಳಿ ಹಿಡಿಯುವಳು. ಅವ್ವ ಹತ್ತು ಗಂಟೆಯ ಬಿಸಿಲಿಗೆ ಎತ್ತಿಕೊಂಡು ಹೋಗಿ ಬೂದಿಯ ಗುಂಡಿಯ ಬಳಿ ಕೂರಿಸುವಳು. ನೀರು ತೆಗೆಸಿದ ಮೂರನೆಯ ದಿನ ಆಕೆ ಬೂದಿಯಲ್ಲಿ ಹೊರಳಿ, ಎದ್ದು ಮೈ ಕೊಡವಿ, ಒಂದು ಗೆದ್ದಲನ್ನು ತಾನೇ ಹಿಡಿದು ತಿಂದಾಗ ಮನೆಯಲ್ಲಿ ಹಬ್ಬವಾಯಿತು. ಆ ಸಂಜೆ ಆಕೆ ಜಗಲಿಗೂ ಬಂದು ಲೇಖನಿಯ ಮುಚ್ಚಳವನ್ನು ಕುಕ್ಕಿದಳು.

ಒಂಬತ್ತು ದಿನಗಳಲ್ಲಿ ನೀರು ಮತ್ತೆ ತುಂಬಿತು. ಎರಡನೆಯ ಸಲ ತೆಗೆಸಿದಾಗ ನೆಮ್ಮದಿಯು ಆರು ದಿನ ಬಂದಿತು. ಮೂರನೆಯ ಸಲ ಎರಡೇ ದಿನ. ಇದನ್ನು ನಾನು ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಬರೆಯುವಾಗ ಅದು ಬರಿಯ ಲೆಕ್ಕವಾಗಿದ್ದಿತು, ಆ ಲೆಕ್ಕವು ಯಾವ ಕಡೆಗೆ ಇಳಿಯುತ್ತಿದೆಯೆಂಬುದನ್ನು ಓದಲು ನಾನು ಮನಸ್ಸು ಮಾಡಲಿಲ್ಲ. ಮೂರನೆಯ ಸಲ ತೆಗೆಸಿದ ಮೇಲೆ ಬಂದ ಗುರುವಾರ ವೈದ್ಯರು ಸೂಜಿಯನ್ನು ಬದಿಗಿಟ್ಟು ಹೇಳಿದರು: “ಇನ್ನು ತೆಗೆದರೆ ನಾವು ರೋಗವನ್ನು ತೆಗೆಯುತ್ತಿಲ್ಲ ಮೇಷ್ಟ್ರೇ, ನೋವನ್ನು ಮುಂದಕ್ಕೆ ಹಾಕುತ್ತಿದ್ದೇವೆ. ಮನೆಯಲ್ಲಿ ಮಾತಾಡಿ. ಹೇಳಿ ಕಳಿಸಿದರೆ ನಾನೇ ಬರುತ್ತೇನೆ. ಮೊದಲು ಮಂಪರು ಬರಿಸಿ, ಆಮೇಲೆ ಇನ್ನೊಂದು ಸೂಜಿ. ಅದಕ್ಕೆ ತಿಳಿಯೋದಿಲ್ಲ.” ಹಿಂಸೆಯನ್ನು ತಡೆಯುವುದಕ್ಕೆಂದೇ ಆದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಸಹ, ಬದುಕಿಸಿಟ್ಟುಕೊಳ್ಳುವುದೇ ಕ್ರೌರ್ಯವಾಗುವಂಥ ಸ್ಥಿತಿಯೊಂದುಂಟೆಂದು ತನ್ನ 13ನೆಯ ಪ್ರಕರಣದಲ್ಲಿ ಒಪ್ಪಿಕೊಂಡಿದೆಯೆಂಬುದನ್ನು ಅವರಿಂದಲೇ ತಿಳಿದೆನು.

ಮನೆಗೆ ಬಂದು ನಾನು ಮಾತಾಡಲಿಲ್ಲ. ಗುರುವಾರ ಗುರುಗಳ ದಿನ, ಅಂದು ಬೇಡವೆಂದುಕೊಂಡೆನು. ಶುಕ್ರವಾರ ಲಕ್ಷ್ಮಿಯ ದಿನ, ಮನೆಯ ಜೀವವನ್ನು ಆ ದಿನ ಕಳುಹಿಸುವುದುಂಟೆ? ಶನಿವಾರ ಹನುಮಂತರಾಯನ ಒಕ್ಕಲಾದ ನಮಗೆ ಅಡಿಗೆಗೂ ಕೋಳಿ ಮುಟ್ಟುವ ದಿನವಲ್ಲ. ಭಾನುವಾರ ಆಸ್ಪತ್ರೆಗೆ ರಜೆ. ಹೀಗೆ ವಾರಗಳ ಹಿಂದೆ ಅಡಗಿಕೊಳ್ಳುತ್ತ ನಾನು ದಿನ ನೂಕಿದೆನು. ಪಕ್ಕದ ಮನೆಯ ಹಿರಿಯರೊಬ್ಬರು, “ಸಾಯೋ ಮುಂಚೆ ಕುಯ್ದು ಬಿಡಿ ಮೇಷ್ಟ್ರೇ, ಯಾರಾದ್ರೂ ತಿಂತಾರೆ” ಎಂದಾಗ ನನಗೆ ಬಂದ ಕೋಪವು ನ್ಯಾಯವಾದುದಾಗಿರಲಿಲ್ಲ. ರೋಗದ ಮಾಂಸ, ಔಷಧ ತಿಂದ ಮೈ ತಿನ್ನಲಾಗದೆಂಬುದು ನಿಜವಾದರೂ, ಅವರು ಕಂಡ ದಾರಿಯಲ್ಲಿ ಕ್ಷಣಕಾಲದ ನೋವಿದ್ದಿತು, ನನ್ನ ದಾರಿಯಲ್ಲಿ ದಿನಗಟ್ಟಲೆಯ ನೋವಿದ್ದಿತು. ರಾತ್ರಿ ದೀಪದ ಕೆಳಗೆ ಚುಕ್ಕಿ ಕೊಕ್ಕು ತೆರೆದು, ಕತ್ತು ಮುಂದೆ ಚಾಚಿ, ಪ್ರತಿಯೊಂದು ಉಸಿರಿಗೂ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಕೂತಿರುವಳು. ಮಲಗಿದರೆ ಉಸಿರು ಕಟ್ಟುವುದರಿಂದ ಮಲಗಲಾರಳು. ನಿಂತರೆ ಕಾಲು ನಡುಗುವುದರಿಂದ ನಿಲ್ಲಲಾರಳು.

ಭಾನುವಾರ ಮಧ್ಯಾಹ್ನ ಮನೆಯಲ್ಲಿರಲಾರದೆ ನಾನು ಸೈಕಲ್ಲು ತುಳಿದುಕೊಂಡು ಶ್ರವಣಬೆಳಗೊಳಕ್ಕೆ ಹೋದೆನು. ಎಲ್ಲರೂ ಗೊಮ್ಮಟನ ದೊಡ್ಡಬೆಟ್ಟಕ್ಕೆ ನಡೆಯುವಾಗ ನಾನು ಎದುರಿನ ಚಿಕ್ಕಬೆಟ್ಟವಾದ ಚಂದ್ರಗಿರಿಯನ್ನು ಹತ್ತಿದೆನು. ಅಲ್ಲಿಯ ಬಂಡೆಗಳ ಮೇಲೆ, ಸುಮಾರು 7ನೆಯ ಶತಮಾನದಿಂದ ಮೊದಲುಗೊಂಡು, ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟ ಮುನಿಗಳ, ಕಂತಿಯರ ಹೆಸರುಗಳು ಹಳಗನ್ನಡದ ಅಕ್ಷರಗಳಲ್ಲಿ ಕೊರೆಯಲ್ಪಟ್ಟಿವೆ. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ನಾನು ಅಕ್ಷರಗಳನ್ನು ಕೂಡಿಸಿ ಓದುತ್ತ ಹೋದೆನು. ಅವರೆಲ್ಲ ತಮ್ಮ ಸಾವನ್ನು ತಾವೇ ಒಪ್ಪಿಕೊಂಡವರು. ಬಾಯಿಬಿಟ್ಟು ಗುರುವಿನಲ್ಲಿ ಕೇಳಿ, ಅಪ್ಪಣೆ ಪಡೆದವರು. ಅವರ ವ್ರತವು ಅವರದು. ಆದರೆ ಮಾತಿಲ್ಲದ ಜೀವದ ಪರವಾಗಿ ಒಪ್ಪಿಗೆಯನ್ನು ಕೊಡುವವರು ಯಾರು? ಆಕೆಯ ‘ಸಾಕು’ ಎಂಬುದನ್ನು ನಾನು ಉಚ್ಚರಿಸುವುದೆಂದರೆ, ಅದು ಆಕೆಯ ಮಾತೊ, ನೋಡಿ ನೋಡಿ ಬೇಸತ್ತ ನನ್ನ ಮಾತೊ? ಆ ಬೆಟ್ಟವನ್ನು ಹತ್ತಿದ್ದು ಸಮಾಧಾನಕ್ಕಾಗಿ. ದೊರೆತದ್ದು ಈ ಪ್ರಶ್ನೆ.

ಇಳಿಯುವಾಗ, ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಕಥೆಯೊಂದು ತಾನಾಗಿ ನೆನಪಿಗೆ ಬಂದಿತು. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ, ಜೀವವಿರುವ ಕೋಳಿಯನ್ನು ದೇವಿಗೆ ಬಲಿಕೊಡಲೊಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಕತ್ತಿ ತಾಕಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಒಂದು ತೊಟ್ಟು ರಕ್ತವೂ ಬೀಳದ ಆ ಕೃತ್ಯಕ್ಕಾಗಿ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಮೃಗಪಕ್ಷಿಗಳಾಗಿ, ಕಡೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯಬೇಕಾಗುತ್ತದೆ. ಏಕೆಂದರೆ ಹಿಂಸೆಯು ಕತ್ತಿಯಲ್ಲಿಲ್ಲ, ಸಂಕಲ್ಪದಲ್ಲಿದೆ. ಎಷ್ಟೋ ಮಕ್ಕಳಿಗೆ ನಾನು ಇದನ್ನು ಬಿಡಿಸಿ ಹೇಳಿದ್ದೆನು. ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದರು. ಆ ಸಂಜೆ ಮಾತ್ರ ಅದೇ ಮಾತು ನನ್ನ ಕಡೆಗೆ ತಿರುಗಿ ನಿಂತಿತು. ಸಂಕಲ್ಪವೇ ಪ್ರಮಾಣವಾದರೆ, ನನ್ನ ಸಂಕಲ್ಪವೇನು? ಚುಕ್ಕಿ ಬದುಕಲಿ ಎಂಬುದೆ? ಅದು ಆಗದೆಂದು ನನಗೆ ಗುರುವಾರವೇ ತಿಳಿದಿದೆ. ನನ್ನ ಕೈ ಶುದ್ಧವಾಗಿರಲಿ, ಮಗಳ ಮುಂದೆ ನಾನು ಕೊಂದವನಾಗದಿರಲಿ, ರಾತ್ರಿಯ ಯಾವುದೊ ಒಂದು ಜಾವದಲ್ಲಿ ಆಕೆ ತಾನೇ ಹೋಗಿ ನನ್ನನ್ನು ಈ ಭಾರದಿಂದ ಬಿಡಿಸಲಿ ಎಂಬುದಲ್ಲವೆ ನಿಜವಾದ ಸಂಕಲ್ಪ? ಯಶೋಧರನು ಹಿಟ್ಟಿನ ಕೋಳಿಯ ಮರೆಯಲ್ಲಿ ನಿಂತಂತೆ ನಾನು ಅಹಿಂಸೆಯ ಮರೆಯಲ್ಲಿ ನಿಂತಿದ್ದೆನು.

ಗಾಂಧೀಜಿಯವರ ಬದುಕಿನ ಒಂದು ಪ್ರಸಂಗವೂ ನೆನಪಾಯಿತು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಕರುವೊಂದು ವಾಸಿಯಾಗದ ಯಾತನೆಯಲ್ಲಿ ಬಿದ್ದಿದ್ದಾಗ, ಅವರು ವೈದ್ಯರನ್ನು ಕರೆಸಿ, ತಾವೇ ಹತ್ತಿರ ನಿಂತು, ಸೂಜಿಮದ್ದಿನಿಂದ ಅದರ ಪ್ರಾಣವನ್ನು ಬಿಡಿಸಿದರು; ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದರು; ದೇಶದ ನಾನಾ ಕಡೆಗಳಿಂದ ಬಂದ ಕೋಪದ ಪತ್ರಗಳನ್ನು ಸಹಿಸಿದರು. ಅಹಿಂಸೆಯನ್ನು ಪರಮಧರ್ಮವೆಂದು ಬಾಳಿದವರು ಆ ನಿರ್ಧಾರಕ್ಕೆ ಬಂದರಲ್ಲಾ ಎಂಬುದಕ್ಕಿಂತಲೂ, ಅವರು ಆ ಹೊತ್ತಿನಲ್ಲಿ ಅಲ್ಲಿಯೇ ನಿಂತಿದ್ದರೆಂಬುದು ನನ್ನ ಮನಸ್ಸನ್ನು ತಟ್ಟಿತು.

ಮನೆ ಸೇರಿದಾಗ ಕತ್ತಲಾಗಿದ್ದಿತು. ಮಗಳು ಮಂಕರಿಯ ಪಕ್ಕದಲ್ಲಿ ಕುಳಿತಿದ್ದಳು. “ಅಪ್ಪಾಜಿ, ನಾನು ಕರೆದರೆ ಚುಕ್ಕಿ ಈ ಕಡೆ ತಿರುಗ್ತಾನೇ ಇಲ್ಲ” ಎಂದಳು. ಅಳುತ್ತಿರಲಿಲ್ಲ, ಅಳು ಮುಗಿದಿದ್ದಿತು. ನಾನು ಕುಳಿತು ಕರೆದೆನು. ಕಣ್ಣು ತೆರೆದೇ ಇದ್ದಿತು, ಆದರೆ ಅದು ನನ್ನನ್ನೂ ನೋಡುತ್ತಿರಲಿಲ್ಲ, ಅಂಗಳವನ್ನೂ ನೋಡುತ್ತಿರಲಿಲ್ಲ. ಆಕೆಯ ಇರವೆಲ್ಲವೂ ಮುಂದಿನ ಒಂದು ಉಸಿರಿನ ದುಡಿಮೆಗೆ ಮೀಸಲಾಗಿದ್ದಿತು. ಬೆಟ್ಟದ ಮೇಲೆ ಕೇಳಿಕೊಂಡ ಪ್ರಶ್ನೆಗೆ ಉತ್ತರವು ಅಲ್ಲಿದ್ದಿತು. ಮಾತಿಲ್ಲದ ಜೀವವು ಒಪ್ಪಿಗೆಯನ್ನು ಹೇಳಲಾರದು, ಆದರೆ ಬಯಕೆಯನ್ನು ತೋರಿಸಬಲ್ಲುದು. ಚುಕ್ಕಿ ಮೂರು ವರ್ಷ ದಿನವೂ ತೋರಿಸಿದ್ದಳು — ಬಿಸಿಲು ಬೇಕು, ಬೂದಿ ಬೇಕು, ಗೆದ್ದಲು ಬೇಕು, ಜಗಲಿ ಬೇಕು ಎಂದು. ಈಗ ಬೇಕೆಂಬುದೊಂದೂ ಉಳಿದಿರಲಿಲ್ಲ. ಅದನ್ನು ಓದಲು ಬೇಕಾದ ವಿದ್ಯೆ ಗುರುವಾರವೂ ನನ್ನಲ್ಲಿದ್ದಿತು, ಧೈರ್ಯವಿರಲಿಲ್ಲ.

“ನಾಳೆ ಕಾರ್ತಿಕ ಸೋಮವಾರ, ಅವ್ವ” ಎಂದೆನು. ಆ ತಿಂಗಳ ಸೋಮವಾರಗಳಲ್ಲಿ ಸಂಜೆ ಶಿವನ ಗುಡಿಯಲ್ಲಿ ದೀಪ ಹಚ್ಚುವವರೆಗೂ ತೊಟ್ಟು ನೀರನ್ನೂ ಮುಟ್ಟದ ಅವ್ವ, ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು: “ಉಸಿರಾಡಕ್ಕೆ ಆಗದೇ ಇರೋದಕ್ಕೆ ಯಾವ ವಾರ ಕಣಪ್ಪ? ನೀನು ವಾರ ನೋಡ್ತಾ ಕೂತಿರೋದು ಅದಕ್ಕಾಗಿಯೋ, ನಿನಗಾಗಿಯೋ? ಬೆಳಿಗ್ಗೆನೇ ಹೋಗಿ ಅವರನ್ನ ಕರ್ಕೊಂಡು ಬಾ ಮಗಾ.”

ವೈದ್ಯರು ಎಂಟು ಗಂಟೆಗೆ ಬಂದರು. ಹಿತ್ತಿಲ ಹೊಂಗೆಯ ಕೆಳಗೆ, ಎಳೆಬಿಸಿಲು ಬೀಳುವ ಕಡೆ ಚಾಪೆ ಹಾಸಿ ಮಗಳು ಕುಳಿತಳು. ಆಕೆ ಅಲ್ಲಿರಬೇಕೆ ಬೇಡವೆ ಎಂದು ನಾನು ಅಳೆಯುತ್ತಿದ್ದಾಗ, “ಹೆಸರಿಟ್ಟವಳು ನಾನಲ್ಲವಾ?” ಎಂದಳು, ಅದಕ್ಕೆ ಎದುರುಮಾತಿರಲಿಲ್ಲ. ಚುಕ್ಕಿಯನ್ನು ಆಕೆಯ ಮಡಿಲಿನಲ್ಲಿ, ಎದೆ ಬಿಗಿಯದಂತೆ, ನೆಟ್ಟಗೆ ಕೂರಿಸಿದೆವು. ಮೊದಲನೆಯ ಸೂಜಿ ಎದೆಯ ಮಾಂಸಕ್ಕೆ. ಕೆಲವು ನಿಮಿಷಗಳಲ್ಲಿ ಚಾಚಿದ ಕತ್ತು ನಿಧಾನವಾಗಿ ಹಿಂದಕ್ಕೆ ಬಂದಿತು. ತೆರೆದ ಕೊಕ್ಕು ಮುಚ್ಚಿತು. ಹಕ್ಕಿಯ ಕಣ್ಣು ಮುಚ್ಚುವಾಗ ಕೆಳಗಿನ ರೆಪ್ಪೆಯೇ ಮೇಲಕ್ಕೆ ಬರುವುದಾದುದರಿಂದ, ಬೂದುಬಣ್ಣದ ಆ ತೆಳುಪೊರೆ ಕೆಳಗಿನಿಂದ ಏರಿ ಕಣ್ಣನ್ನು ತುಂಬಿತು. ಎಷ್ಟೋ ರಾತ್ರಿಗಳಿಂದ ನಿದ್ದೆಯಿಲ್ಲದ ಜೀವ, ಮೊದಲು ನಿದ್ದೆಹೋಯಿತು. ಎರಡನೆಯ ಸೂಜಿ ಆಕೆಗೆ ತಿಳಿಯಲಿಲ್ಲ. ಮಗಳ ಅಂಗೈ ಬೆನ್ನಿನ ಚುಕ್ಕೆಗಳ ಮೇಲೆ ಇದ್ದಿತು. ವೈದ್ಯರು ಎದೆಗೆ ನಳಿಗೆಯಿಟ್ಟು ಆಲಿಸಿ, ತಲೆಯಾಡಿಸಿ, ಸ್ವಲ್ಪ ಹೊತ್ತು ತಾವೂ ಸುಮ್ಮನೆ ಕುಳಿತರು. ಆ ಮದ್ದು ಮೈಯಲ್ಲಿ ಉಳಿಯುವುದರಿಂದ ನಾಯಿಗಳಾಗಲಿ ಹದ್ದಾಗಲಿ ಮುಟ್ಟಕೂಡದೆಂದು, ಮೊಣಕಾಲು ಮೀರುವಷ್ಟು ಆಳವಾಗಿ ಗುಂಡಿ ತೋಡಿಸಿ, ಮಣ್ಣಿನ ಮೇಲೆ ಚಪ್ಪಡಿ ಎಳೆಸಿ, ಹೋದರು. ಹಣ ತೆಗೆದುಕೊಳ್ಳಲಿಲ್ಲ.

ಆ ದಿನದ ಕೆಲಸಕ್ಕಾಗಿ ನಾನು ಒಂದು ಗಳಿಗೆಯೂ ಪಶ್ಚಾತ್ತಾಪ ಪಟ್ಟಿಲ್ಲ. ಪಟ್ಟಿರುವುದೆಲ್ಲ ಅದರ ಹಿಂದಿನ ನಾಲ್ಕು ದಿನಗಳಿಗಾಗಿ. ಕೊಲ್ಲುವುದು ಪಾಪವೊ ಅಲ್ಲವೊ ಎಂಬ ಜಿಜ್ಞಾಸೆಯಲ್ಲಿ ನಾನು ತೊಡಗಿದ್ದೆನೆಂದು ಆಗ ಭಾವಿಸಿದ್ದೆನು. ವಾಸ್ತವವಾಗಿ ನನ್ನ ಅಂಜಿಕೆಯ ಬೆಲೆಯನ್ನು ಆಕೆ ಉಸಿರು ಉಸಿರಾಗಿ ತೆರುತ್ತಿದ್ದಳು. ಆದುದರಿಂದ ಇಂಥ ಇಕ್ಕಟ್ಟಿನಲ್ಲಿರುವವರಿಗೆ ನಾನು ಹೇಳಬಲ್ಲುದು ಇಷ್ಟೆ: ವಾಸಿಯಾಗುವ ಭರವಸೆ ಇರುವವರೆಗೆ ಕೈ ಬಿಡಬೇಡಿ, ನೀರು ತೆಗೆಸಿ, ಔಷಧ
ಕೊಡಿಸಿ, ಕೋಳಿಯೆಂದು ಹೀಗಳೆಯುವವರ ಮಾತಿಗೆ ಕಿವಿಗೊಡಬೇಡಿ. ಆದರೆ ನಿಮ್ಮ ಪ್ರಾಣಿಗೆ ಪ್ರಿಯವಾದ ನಾಲ್ಕೈದು ವಿಷಯಗಳನ್ನು ಅದು ಚೆನ್ನಾಗಿರುವಾಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಅವು ಒಂದೊಂದಾಗಿ ಅಳಿಸಿಹೋಗುವುದನ್ನು ಕಾಣುವಾಗ, ವೈದ್ಯರ ಮಾತೂ ಅದಕ್ಕೆ ಕೂಡಿಬಂದಾಗ, ವಾರವನ್ನು ನೋಡಬೇಡಿ; ಮತ್ತು ಕಳುಹಿಸುವ ಹೊತ್ತಿನಲ್ಲಿ ಬೇರೆ ಕೋಣೆಗೆ ಹೋಗಬೇಡಿ.

ಅವ್ವ ಆಮೇಲೆ ಮೂರು ವರ್ಷ ಬದುಕಿದ್ದಳು. ಕಡೆಯ ಕಾಯಿಲೆಯಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವ ಮಾತನ್ನು ನಾನು ಎತ್ತಿದಾಗ, “ಅದಕ್ಕೆ ಬಾಯಿರಲಿಲ್ಲ, ನೀನು ಹೊಯ್ದಾಡಿದೆ. ನನಗೆ ಬಾಯದೆ, ಹೇಳ್ತಿದೀನಿ ಕೇಳು: ಎಲ್ಲಿಗೂ ಬೇಡ. ಹತ್ತು ಗಂಟೆ ಬಿಸಿಲಿಗೆ ಎತ್ಕೊಂಡೋಗಿ ಹಿತ್ತಿಲಲ್ಲಿ ಕೂರಿಸು, ಸಾಕು” ಎಂದಳು. ಹಾಗೆಯೇ ಮಾಡಿದೆವು. ಬೂದಿಯ ಗುಂಡಿಯ ಬಳಿ ಕೋಳಿಗಳು ಹೊರಳುವುದನ್ನು ನೋಡುತ್ತ ಆಕೆ ಗಂಟೆಗಟ್ಟಲೆ ಕುಳಿತಿರುತ್ತಿದ್ದಳು.

ಈಗ ಸಂಜೆ ಎಣಿಸುವವನು ನಾನು. ಅವ್ವ ತಲೆಗಳನ್ನು ಎಣಿಸುತ್ತಿದ್ದಳು. ನಾನು ಒಂದೊಂದನ್ನೂ ಅಂಗೈಗಳ ಮೇಲೆ ಕೂರಿಸಿಕೊಂಡು, ಎದೆಯ ಮೂಳೆಯನ್ನು ಬೆರಳಿನಿಂದ ಸವರಿ, ಹೊಟ್ಟೆಯನ್ನು ಮುಟ್ಟಿ, ಅದು ತನ್ನ ಒಂದು ಕಣ್ಣಿನಿಂದ ನನ್ನ ಕಡೆ ತಿರುಗಿ ನೋಡಿದ ಮೇಲೆ ಗೂಡಿಗೆ ಬಿಡುತ್ತೇನೆ. ಹನ್ನೊಂದು ಕೋಳಿಗಳಿಗೆ ಕಾಲು ಗಂಟೆ ಹಿಡಿಯುತ್ತದೆ.